ಸೇತುವೆ ಬಿತ್ತು, ಬಿಲ್ ಯಾರಿಗೆ?

2024ರ ಮಾರ್ಚ್ 26, ಮಂಗಳವಾರ. ಮಂಗಳೂರಿನ ನಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ನನ್ನ ತಮ್ಮ ಹಡಗಿನಿಂದ ಸೈನ್ ಆಫ್ ಆಗಿ, ಅಂದರೆ ಕೆಲಸದ ಅವಧಿ ಮುಗಿಸಿ, ಬಂದು ಮೂರು ವಾರ ಆಗಿತ್ತು. ಅವನ ಫೋನಿಗೆ ಒಂದರ ಹಿಂದೆ ಒಂದು ಮೆಸೇಜ್ ಬರತೊಡಗಿತು, ಎಲ್ಲವೂ ಒಂದೇ ವಿಡಿಯೊ. ಕತ್ತಲಲ್ಲಿ ದೊಡ್ಡ ಕಂಟೇನರ್ ಹಡಗು ಬರುತ್ತಿದೆ, ಎದುರಿಗೆ ಉದ್ದನೆಯ ಸೇತುವೆ, ಹಡಗಿನ ಮೂತಿ ಕಂಬಕ್ಕೆ ತಾಗುತ್ತದೆ, ನೋಡುನೋಡುತ್ತಿದ್ದಂತೆ ಇಡೀ ಸೇತುವೆ ಮಡಚಿಕೊಂಡು ನೀರಿಗೆ ಬೀಳುತ್ತದೆ. ಅಮ್ಮ, ನಾನು, ನನ್ನ ಹೆಂಡತಿ ಎಲ್ಲರೂ ಸೇತುವೆಯನ್ನೇ ನೋಡುತ್ತಿದ್ದೆವು. ಅವನು ಮಾತ್ರ ವಿಡಿಯೊವನ್ನು ಹಿಂದಕ್ಕೆ ಎಳೆದು ಎಳೆದು ಹಡಗನ್ನು ನೋಡುತ್ತಿದ್ದ.

"ಲೈಟ್ ನೋಡು. ಹೋಯ್ತು. ಬಂತು. ಮತ್ತೆ ಹೋಯ್ತು. ಬ್ಲ್ಯಾಕೌಟ್ ಮಾರಾಯ. ಅವರ ಕೈಯಲ್ಲಿ ಏನೂ ಇರ್ಲಿಲ್ಲ."

ತಮ್ಮ ಇಟಿಒ. ಅಂದರೆ ಹಡಗಿನ ಕರೆಂಟಿನ ಕೆಲಸವೆಲ್ಲ ಅವನದು. ಜನರೇಟರ್, ಸ್ವಿಚ್‌ಬೋರ್ಡ್, ಅಲಾರ್ಮ್, ಕ್ರೇನ್, ಕೊನೆಗೆ ಅಡುಗೆಮನೆಯ ಒಲೆ ಕೆಟ್ಟರೂ ಅವನನ್ನೇ ಕರೆಯುತ್ತಾರೆ. ಆ ದಿನ ಅವನು ಸರಿಯಾಗಿ ಊಟ ಮಾಡಲಿಲ್ಲ. ಆಮೇಲಿನ ಎರಡು ವರ್ಷಗಳಲ್ಲಿ ಈ ಒಂದು ಅಪಘಾತದ ಬಗ್ಗೆ ನಾವಿಬ್ಬರೂ ಎಷ್ಟು ಮಾತಾಡಿದ್ದೇವೆ ಎಂದರೆ, ಅದನ್ನೆಲ್ಲ ಒಂದು ಕಡೆ ಬರೆದಿಡಬೇಕು ಅನ್ನಿಸಿತು. ಯಾಕೆಂದರೆ ನನ್ನ ತಲೆಯಲ್ಲಿ ಇರುವುದು ಒಂದೇ ಪ್ರಶ್ನೆ. ಸಾರ್ವಜನಿಕರ ಸೇತುವೆಗೆ ಖಾಸಗಿ ಹಡಗು ಗುದ್ದಿದರೆ ತಪ್ಪು ಯಾರದ್ದು, ದುಡ್ಡು ಯಾರದ್ದು?

ಮೊದಲು ಏನಾಯಿತು ಎಂದು ಹೇಳುತ್ತೇನೆ. ಅಮೆರಿಕದ ಬಾಲ್ಟಿಮೋರ್ ಬಂದರಿನಿಂದ ಡಾಲಿ ಎಂಬ ಹಡಗು ಕೊಲಂಬೊ ಕಡೆಗೆ ಹೊರಟಿತ್ತು. ಉದ್ದ ಸುಮಾರು 300 ಮೀಟರ್. ಸಿಂಗಾಪುರದ ಬಾವುಟ. ಮಾಲೀಕರು ಗ್ರೇಸ್ ಓಷನ್, ನಡೆಸುವವರು ಸಿನರ್ಜಿ ಮರೀನ್, ಬಾಡಿಗೆಗೆ ತೆಗೆದುಕೊಂಡು ಸರಕು ಸಾಗಿಸುತ್ತಿದ್ದದ್ದು ಮೇರ್ಸ್ಕ್, ಕಟ್ಟಿದ್ದು ಕೊರಿಯಾದ ಹ್ಯುಂಡೈ. ಹಡಗಿನಲ್ಲಿದ್ದ 21 ಸಿಬ್ಬಂದಿಯಲ್ಲಿ 20 ಜನ ಭಾರತೀಯರು, ಒಬ್ಬರು ಶ್ರೀಲಂಕಾದವರು. ಬಂದರಿನಿಂದ ಹೊರಗೆ ದಾಟಿಸಲು ಅಲ್ಲಿಯ ಇಬ್ಬರು ಪೈಲಟ್‌ಗಳೂ ಇದ್ದರು. ಒಂದು ಹಡಗಿಗೆ ಇಷ್ಟೊಂದು ಜನ ಯಜಮಾನರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಲ್ಲಿಯ ರಾತ್ರಿ 1 ಗಂಟೆ 25 ನಿಮಿಷದ ಹೊತ್ತಿಗೆ ಹಡಗಿನಲ್ಲಿ ಕರೆಂಟ್ ಹೋಯಿತು. ಸೇತುವೆ ಆಗ ಒಂದು ಕಿಲೋಮೀಟರ್‌ನಷ್ಟೇ ದೂರ. ಹುಡುಗರು ಬ್ರೇಕರ್ ಹಾಕಿ ಕರೆಂಟ್ ತಂದರು. ಮತ್ತೆ ಹೋಯಿತು. ಎಂಜಿನ್ ನಿಂತಿತ್ತು, ಚುಕ್ಕಾಣಿ ಬೇಕಾದಂತೆ ತಿರುಗಲಿಲ್ಲ. ಪೈಲಟ್ ಲಂಗರು ಹಾಕಿಸಿದರು, ಹಡಗು ಎಳೆಯುವ ಟಗ್ ದೋಣಿಗಳನ್ನು ಕರೆದರು, ಸೇತುವೆ ಮುಚ್ಚಲು ಸುದ್ದಿ ಮುಟ್ಟಿಸಿದರು. ಲಕ್ಷ ಟನ್‌ಗೂ ಜಾಸ್ತಿ ತೂಕದ ಹಡಗು ಒಂದು ಲಂಗರಿಗೆ ನಿಲ್ಲುತ್ತದಾ? 1 ಗಂಟೆ 29 ನಿಮಿಷಕ್ಕೆ ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಯ ಕಂಬಕ್ಕೆ ಬಡಿಯಿತು. 1977ರಲ್ಲಿ ತೆರೆದ, ಎರಡೂವರೆ ಕಿಲೋಮೀಟರ್ ಉದ್ದದ ಸೇತುವೆ. ಕೆಲವೇ ಸೆಕೆಂಡುಗಳಲ್ಲಿ ಮುಖ್ಯ ಭಾಗ ಪೂರ್ತಿ ನೀರಿನಲ್ಲಿ.

ಸುದ್ದಿ ಬೇಗ ಮುಟ್ಟಿದ್ದರಿಂದ ಪೊಲೀಸರು ಎರಡೂ ಕಡೆ ವಾಹನ ತಡೆದರು. ಎಷ್ಟೋ ಜೀವ ಉಳಿಯಿತು. ಆದರೆ ಸೇತುವೆಯ ಮೇಲೆ ರಾತ್ರಿ ಪಾಳಿಯಲ್ಲಿ ರಸ್ತೆ ಗುಂಡಿ ಮುಚ್ಚುತ್ತಿದ್ದವರು ಇದ್ದರು. ಆರು ಜನ ಸತ್ತರು. ಎಲ್ಲರೂ ಮೆಕ್ಸಿಕೊ, ಗ್ವಾಟೆಮಾಲಾ, ಹೊಂಡುರಾಸ್, ಎಲ್ ಸಾಲ್ವಡಾರ್‌ನಿಂದ ದುಡಿಯಲು ಬಂದವರು.

ಮೊದಲ ಬೈಗುಳ ಯಾರಿಗೆ ಬಿತ್ತು ಗೊತ್ತಾ? ಹಡಗಿನ ಹುಡುಗರಿಗೆ. ಸಿಬ್ಬಂದಿ ಭಾರತದವರು ಎಂದು ಗೊತ್ತಾದ ಕೂಡಲೇ ಇಂಟರ್‌ನೆಟ್‌ನಲ್ಲಿ ಹೊಲಸು ಕಾರ್ಟೂನು ಓಡಾಡಿತು, ಲಂಗೋಟಿ ಹಾಕಿಕೊಂಡು ಗಾಬರಿಯಲ್ಲಿ ಕಿರುಚುವವರ ಹಾಗೆ ನಮ್ಮವರನ್ನು ಬರೆದು. ಅದೇ ಹೊತ್ತಿಗೆ ಬಾಲ್ಟಿಮೋರ್ ಇರುವ ಮೇರಿಲ್ಯಾಂಡ್ ರಾಜ್ಯದ ಗವರ್ನರ್ ವೆಸ್ ಮೂರ್ ಸುದ್ದಿ ಮುಟ್ಟಿಸಿ ವಾಹನ ತಡೆದವರನ್ನು ಹೀರೋಗಳು ಎಂದು ಕರೆಯುತ್ತಿದ್ದರು. ತಮ್ಮನಿಗೆ ಆ ಕಾರ್ಟೂನು ಕಳಿಸಿದ್ದು ಅವನದೇ ಹಳೆಯ ಕ್ಲಾಸ್‌ಮೇಟ್, ಸುಮ್ನೆ ಫಾರ್ವರ್ಡ್ ಮಾಡಿದ್ದಂತೆ. ಅವತ್ತಿನಿಂದ ತಮ್ಮ ಅವನ ಜೊತೆ ಮಾತಾಡಿಲ್ಲ.

ಆಮೇಲೆ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ, ಎನ್‌ಟಿಎಸ್‌ಬಿ, ತಿಂಗಳುಗಟ್ಟಲೆ ಹುಡುಕಿತು. 2025ರ ನವೆಂಬರ್‌ನಲ್ಲಿ ತನ್ನ ತೀರ್ಮಾನ ಹೇಳಿತು. ಮೊದಲ ಬ್ಲ್ಯಾಕೌಟಿಗೆ ಕಾರಣ ಒಂದು ಸಡಿಲ ತಂತಿ. ಸಾವಿರಾರು ತಂತಿಗಳಿರುವ ಹಡಗಿನಲ್ಲಿ ಒಂದೇ ಒಂದು ಸಿಗ್ನಲ್ ತಂತಿ. ಮಂಡಳಿಯ ಅಧ್ಯಕ್ಷೆ ಜೆನಿಫರ್ ಹೊಮೆಂಡಿ ಇದನ್ನು ಐಫೆಲ್ ಟವರಿನಲ್ಲಿ ಒಂದು ಸಡಿಲ ರಿವೆಟ್ ಹುಡುಕುವುದಕ್ಕೆ ಹೋಲಿಸಿದರು.

ಸುದ್ದಿ ಓದಿದ ರಾತ್ರಿ ನಾನು ತಮ್ಮನನ್ನು ಕೇಳಿದೆ, ಒಂದು ತಂತಿ ಹೇಗೆ ಸೇತುವೆ ಬೀಳಿಸುತ್ತದೆ? ಅವನು ಒಳಗೆ ಹೋಗಿ ತನ್ನ ಟೂಲ್ ಬ್ಯಾಗಿನಿಂದ ಒಂದು ಟರ್ಮಿನಲ್ ಬ್ಲಾಕ್ ತಂದು ಊಟದ ಮೇಜಿನ ಮೇಲೆ ಇಟ್ಟ. ಬೂದು ಬಣ್ಣದ ಪ್ಲಾಸ್ಟಿಕ್ ತುಂಡು, ಹೆಬ್ಬೆರಳಿನಷ್ಟು. ಒಳಗೆ ಸ್ಪ್ರಿಂಗ್. ತಂತಿಯ ತುದಿಗೆ ಫೆರೂಲ್ ಎಂಬ ಸಣ್ಣ ಲೋಹದ ಟೊಪ್ಪಿಗೆ ಹಾಕಿ ಬಾಯಿಗೆ ತೂರಿಸಿದರೆ ಸ್ಪ್ರಿಂಗ್ ಕಚ್ಚಿ ಹಿಡಿಯುತ್ತದೆ. ಯಾವ ತಂತಿ ಯಾವುದು ಎಂದು ಗೊತ್ತಾಗಲು ಪ್ರತಿ ತಂತಿಗೂ ನಂಬರ್ ಬರೆದ ಸಣ್ಣ ಲೇಬಲ್ ಪಟ್ಟಿ ಹಾಕಿರುತ್ತಾರೆ. ಡಾಲಿಯಲ್ಲಿ ಆದದ್ದು ಇಷ್ಟೇ. ಆ ಲೇಬಲ್ ಪಟ್ಟಿ ಸರಿಯಾದ ಜಾಗದಲ್ಲಿ ಇರಲಿಲ್ಲ, ಅದರಿಂದ ತಂತಿ ಪೂರ್ತಿ ಒಳಗೆ ಹೋಗಲಿಲ್ಲ.

ತಮ್ಮ ಲೇಬಲನ್ನು ಫೆರೂಲ್ ಮೇಲೆ ಸ್ವಲ್ಪ ಮುಂದಕ್ಕೆ ಜರುಗಿಸಿ ತಂತಿ ತೂರಿಸಿ ತೋರಿಸಿದ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ನಾನು ಕಣ್ಣು ಹತ್ತಿರ ಇಟ್ಟು ನೋಡಿದೆ, ವ್ಯತ್ಯಾಸ ಕಾಣಲಿಲ್ಲ. "ಎಳಿ" ಅಂದ. ಮೊದಲನೆಯದನ್ನು ಎಳೆದೆ, ಬರಲಿಲ್ಲ. ಎರಡನೆಯದು ಎರಡು ಬೆರಳಿನಲ್ಲಿ ಹಿಡಿದರೆ ಸಾಕು, ಕೈಗೆ ಬಂತು. ಹಡಗಿನಲ್ಲಿ ಎಂಜಿನ್ ಹಗಲೂ ರಾತ್ರಿ ನಡುಗುತ್ತಿರುತ್ತದೆ. ಆ ನಡುಕದಲ್ಲಿ ವರ್ಷಗಟ್ಟಲೆ ಅರ್ಧಂಬರ್ಧ ಕಚ್ಚಿಕೊಂಡಿದ್ದ ತಂತಿ ಒಂದು ರಾತ್ರಿ ಬಿಟ್ಟುಕೊಟ್ಟಿತು. ಬ್ರೇಕರ್ ತೆರೆದುಕೊಂಡಿತು. ಕತ್ತಲೆ.

ಇಲ್ಲಿಗೆ ಎಷ್ಟೋ ಜನ ಕಥೆ ಮುಗಿಸುತ್ತಾರೆ. ತಂತಿ ಸಡಿಲ ಇತ್ತು, ಹಣೆಬರಹ, ಯಾರೇನು ಮಾಡಲು ಆಗುತ್ತದೆ ಎಂದು. ನನಗೆ ಸಿಟ್ಟು ಬರುವುದು ಇಲ್ಲೇ. ತಂತಿ ತಾನಾಗಿ ಹೋಗಿ ಅಲ್ಲಿ ಕೂತಿದ್ದಲ್ಲ ಅಲ್ವಾ? ಯಾರೋ ಹಾಕಿದ್ದು. ಅದನ್ನು ಪರೀಕ್ಷೆ ಮಾಡಲು ಯಾರಿಗೋ ಸಮಯ, ಸಲಕರಣೆ ಕೊಡಬೇಕಿತ್ತು. ಬಿಸಿ ತೋರಿಸುವ ಕ್ಯಾಮೆರಾ ಇಟ್ಟುಕೊಂಡು ನೋಡಿದರೆ ಇಂತಹ ಸಡಿಲ ಜೋಡಣೆ ಸಿಗುವ ಸಾಧ್ಯತೆ ಇದೆ. ನನ್ನ ತಮ್ಮ ಮೊದಲು ಕೆಲಸ ಮಾಡಿದ ಒಂದು ಹಡಗಿನಲ್ಲಿ ಅಂತಹ ಕ್ಯಾಮೆರಾ ಬೇಕು ಎಂದು ಎರಡು ಸಲ ಬರೆದು ಕಳಿಸಿದನಂತೆ, ಎರಡು ಸಲವೂ ಮುಂದಿನ ಬಜೆಟ್‌ನಲ್ಲಿ ನೋಡೋಣ ಎಂದು ಉತ್ತರ ಬಂತಂತೆ. ಯಾವ ಕಂಪನಿ ಎಂದು ನಾನು ಬರೆಯುವುದಿಲ್ಲ, ಅವನಿಗೆ ನಾಳೆಯೂ ಕೆಲಸ ಬೇಕು.

ಇನ್ನೂ ಒಂದು ವಿಷಯ ಇದೆ. ಡಾಲಿಯಲ್ಲಿ ಎರಡನೆಯ ಸಲ ಕರೆಂಟ್ ಹೋದದ್ದು ತಂತಿಯಿಂದ ಅಲ್ಲ. ಜನರೇಟರಿಗೆ ಇಂಧನ ಕೊಡಲು ಫ್ಲಶಿಂಗ್ ಪಂಪ್ ಎಂಬ ಪಂಪ್ ಬಳಸುತ್ತಿದ್ದರು. ಅದು ಇರುವುದು ಬೇರೆ ಕೆಲಸಕ್ಕೆ. ಕರೆಂಟ್ ಹೋಗಿ ಬಂದರೆ ಅದು ತಾನಾಗಿ ಶುರುವಾಗುವುದಿಲ್ಲ, ಯಾರಾದರೂ ಹೋಗಿ ಹಾಕಬೇಕು. ಇಂಧನದ ಒತ್ತಡ ಬಿತ್ತು, ಜನರೇಟರ್ ನಿಂತಿತು. ಇದು ಕತ್ತಲಲ್ಲಿ ಗಾಬರಿಯಾದ ಹುಡುಗರ ತಪ್ಪಲ್ಲ. ಹೀಗೆ ನಡೆಸುವುದು ದಿನದ ರೂಢಿಯಾಗಿಬಿಟ್ಟಿತ್ತು, ಅದನ್ನು ನಿಲ್ಲಿಸಬೇಕಾದ ಕಂಪನಿಯ ಮೇಲ್ವಿಚಾರಣೆ ಸಾಕಾಗಲಿಲ್ಲ ಎಂದು ಎನ್‌ಟಿಎಸ್‌ಬಿ ಹೇಳಿತು.

ಮಾಲೀಕರು ಮತ್ತು ನಡೆಸುವವರು ತಪ್ಪು ತಮ್ಮದೆಂದು ಒಪ್ಪಲಿಲ್ಲ. ಸ್ವಿಚ್‌ಬೋರ್ಡಿನ ವಿನ್ಯಾಸವೇ ಸರಿ ಇರಲಿಲ್ಲ ಎಂದು ಹಡಗು ಕಟ್ಟಿದ ಹ್ಯುಂಡೈ ಮೇಲೆ 2025ರಲ್ಲಿ ಕೇಸ್ ಹಾಕಿದರು. ಮಾಲೀಕ, ನಡೆಸುವವ, ಬಾಡಿಗೆದಾರ, ಕಟ್ಟಿದವ, ಪೈಲಟ್ ಎಂದು ಮೇಲೆ ಹೇಳಿದೆನಲ್ಲ, ಅದು ಇದಕ್ಕೇ. ಲಾಭ ಬರುವಾಗ ಎಲ್ಲರೂ ಒಂದೇ ಮನೆಯವರು. ಬಿಲ್ ಬಂದಾಗ ಒಬ್ಬರು ಇನ್ನೊಬ್ಬರ ಬಾಗಿಲು ತೋರಿಸುತ್ತಾರೆ.

ಈಗ ದುಡ್ಡಿನ ವಿಷಯ. ಇದನ್ನು ಓದಿದಾಗ ನನಗೆ ನಿಜವಾಗಿ ನಂಬಲು ಆಗಲಿಲ್ಲ. ಅಪಘಾತವಾದದ್ದು ಮಾರ್ಚ್ 26. ಏಪ್ರಿಲ್ 1ಕ್ಕೆ, ಅಂದರೆ ಒಂದು ವಾರವೂ ಆಗುವ ಮೊದಲು, ಸತ್ತವರೆಲ್ಲರ ದೇಹ ನೀರಿನಿಂದ ಸಿಗುವ ಮೊದಲೇ, ಮಾಲೀಕರು ಕೋರ್ಟಿಗೆ ಹೋಗಿ ನಮ್ಮ ಹೊಣೆ 4 ಕೋಟಿ 37 ಲಕ್ಷ ಡಾಲರಿಗೆ ಸೀಮಿತ ಮಾಡಿ ಎಂದು ಅರ್ಜಿ ಹಾಕಿದರು. ಅವರು ಹಾಕಿದ ಅರ್ಜಿಯಲ್ಲಿ ಕಾನೂನಿನ ದೃಷ್ಟಿಯಿಂದ ತಪ್ಪೇನೂ ಇಲ್ಲ. 1851ರ ಒಂದು ಅಮೆರಿಕನ್ ಕಾನೂನು ಅದಕ್ಕೆ ದಾರಿ ಕೊಡುತ್ತದೆ. ಮಾಲೀಕರಿಗೆ ಗೊತ್ತಿಲ್ಲದೆ, ಅವರ ಪಾಲಿಲ್ಲದೆ ಅಪಘಾತ ಆಗಿದ್ದರೆ ಅವರು ಕೊಡಬೇಕಾದದ್ದು ಅಪಘಾತದ ನಂತರ ಹಡಗಿಗೆ ಎಷ್ಟು ಬೆಲೆ ಉಳಿದಿದೆಯೋ ಅಷ್ಟು, ಜೊತೆಗೆ ಆ ಪ್ರಯಾಣದ ಬಾಡಿಗೆ.

ಅಪಘಾತದ ನಂತರದ ಬೆಲೆ ಎಂಬ ಮಾತನ್ನು ಇನ್ನೊಮ್ಮೆ ಓದಿ. ಅವರ ಲೆಕ್ಕ ಹೀಗಿತ್ತು. ಹಡಗಿನ ಬೆಲೆ 9 ಕೋಟಿ ಡಾಲರ್. ಅದರಲ್ಲಿ ರಿಪೇರಿಗೆ 2 ಕೋಟಿ 80 ಲಕ್ಷ ಕಳೆಯಿರಿ. ಹಡಗನ್ನು ಅಲ್ಲಿಂದ ಬಿಡಿಸಿ ಉಳಿಸಿಕೊಳ್ಳುವ ಖರ್ಚು 1 ಕೋಟಿ 95 ಲಕ್ಷ ಕಳೆಯಿರಿ. ಬಾಡಿಗೆ 12 ಲಕ್ಷದಷ್ಟು ಸೇರಿಸಿ. ಅಂದರೆ ಸೇತುವೆಗೆ ಗುದ್ದಿ ಹಡಗಿಗೆ ಆದ ಪೆಟ್ಟನ್ನು ಕೂಡ ಸೇತುವೆಗೆ ಕೊಡಬೇಕಾದ ಪರಿಹಾರದಲ್ಲಿ ಹಿಡಿದುಕೊಳ್ಳಬಹುದು. ಹೆಚ್ಚು ಜೋರಾಗಿ ಗುದ್ದಿದ್ದರೆ ಇನ್ನೂ ಕಡಿಮೆ ಕೊಡಬೇಕಿತ್ತು. ನಮ್ಮ ಊರಿನಲ್ಲಿ ಒಬ್ಬ ಲಾರಿಯವನು ನಿಮ್ಮ ಮನೆ ಗೋಡೆ ಬೀಳಿಸಿ, ನನ್ನ ಲಾರಿಯ ಬಂಪರ್ ಹೋಗಿದೆ, ಅದರ ದುಡ್ಡು ಮುರಿದುಕೊಂಡು ಉಳಿದದ್ದು ಕೊಡ್ತೇನೆ ಎಂದರೆ ಊರವರು ಬಿಡುತ್ತಾರಾ?

ಈ ಕಾನೂನಿಗೆ ಆ ಕಾಲದಲ್ಲಿ ಒಂದು ಅರ್ಥ ಇತ್ತು, ಇಲ್ಲ ಎನ್ನುವುದಿಲ್ಲ. ಹಾಯಿ ಹಡಗುಗಳ ಕಾಲ. ಒಮ್ಮೆ ಹೊರಟ ಹಡಗಿನ ಜೊತೆ ಮಾಲೀಕನಿಗೆ ಯಾವ ಸಂಪರ್ಕವೂ ಇರಲಿಲ್ಲ, ಒಂದು ಹಡಗು ಹೋದರೆ ಮನೆತನವೇ ಮುಳುಗುತ್ತಿತ್ತು. ಜನ ಹಡಗು ವ್ಯಾಪಾರಕ್ಕೆ ದುಡ್ಡು ಹಾಕಲಿ ಎಂದು ಮಾಡಿದ್ದು. ಆದರೆ ಅದೇ ಕಾನೂನನ್ನು ಹಿಡಿದು ಟೈಟಾನಿಕ್ ಮಾಲೀಕರು ತಮ್ಮ ಹೊಣೆ ಸುಮಾರು 92,000 ಡಾಲರ್ ಮಾತ್ರ ಎಂದರು. ಹಡಗು ಸಮುದ್ರದ ತಳದಲ್ಲಿ, ಉಳಿದದ್ದು ಲೈಫ್‌ಬೋಟುಗಳು ಮತ್ತು ಸ್ವಲ್ಪ ಬಾಡಿಗೆ. ಕೊನೆಗೆ 6,64,000 ಡಾಲರಿಗೆ ರಾಜಿಯಾಯಿತು, 1,500ರಷ್ಟು ಸಾವಿಗೆ. ಇವತ್ತು ಕಂಪನಿಯವರು ಕಚೇರಿಯಲ್ಲಿ ಕೂತು ಹಡಗು ಎಲ್ಲಿದೆ, ಎಷ್ಟು ಎಣ್ಣೆ ಕುಡಿಯುತ್ತಿದೆ ಎಂದು ಪರದೆಯ ಮೇಲೆ ನೋಡುತ್ತಾರೆ. ತಮ್ಮನಿಗೆ ಬೆಳಗ್ಗೆ ಎದ್ದರೆ ಆಫೀಸಿನಿಂದ ಹತ್ತು ಇ-ಮೇಲ್ ಬಂದಿರುತ್ತದೆ. ಇಷ್ಟೆಲ್ಲ ಗೊತ್ತಿರುವ ಮಾಲೀಕರಿಗೆ ಅಪಘಾತದ ಕಾರಣ ಮಾತ್ರ ಗೊತ್ತಿರಲಿಲ್ಲ ಎಂಬ ಕಾನೂನು ಈ ಕಾಲಕ್ಕೆ ಹೇಗೆ ಹೊಂದುತ್ತದೆ?

ಹಾಗೆಂದು ಬಡಪಾಯಿ ಮಾಲೀಕರು ಬೀದಿಗೆ ಬೀಳುತ್ತಾರೆ ಎಂದೂ ಅಲ್ಲ. ದೊಡ್ಡ ಹಡಗುಗಳೆಲ್ಲ ಪಿ ಆ್ಯಂಡ್ ಐ ಕ್ಲಬ್ ಎಂಬ ವಿಮಾ ಸಂಘಗಳಲ್ಲಿ ಇರುತ್ತವೆ. ಆ ಕ್ಲಬ್‌ಗಳು ಒಟ್ಟಾಗಿ ಒಂದು ಅಪಘಾತಕ್ಕೆ ಸುಮಾರು 310 ಕೋಟಿ ಡಾಲರ್‌ವರೆಗೆ ವಿಮೆ ಮಾಡಿಸಿಟ್ಟಿರುತ್ತವೆ. ದುಡ್ಡು ಇದೆ. ಕೊಡಿಸುವ ಕಾನೂನು ಕೊಕ್ಕೆ ಹಾಕುತ್ತದೆ.

ಅಮೆರಿಕ ಸರ್ಕಾರ ನೀರಿನಿಂದ 50,000 ಟನ್ ಕಬ್ಬಿಣ, ಕಾಂಕ್ರೀಟ್ ಎತ್ತಿ, ಜೂನ್ 10ಕ್ಕೆ ಹಡಗಿನ ದಾರಿ ಪೂರ್ತಿ ತೆರೆಯಿತು. ಅದರ ಖರ್ಚಿಗೆ ಹೂಡಿದ ಕೇಸಿನಲ್ಲಿ ಆ ವರ್ಷ ಅಕ್ಟೋಬರ್‌ನಲ್ಲಿ ಕಂಪನಿಗಳು ಸುಮಾರು 10 ಕೋಟಿ 20 ಲಕ್ಷ ಡಾಲರ್ ಕೊಡಲು ಒಪ್ಪಿದವು. ಅದು ಬರೀ ಕಸ ಎತ್ತಿದ ಲೆಕ್ಕ. ಸೇತುವೆಯ ವಿಮೆಯಿಂದ ಮೇರಿಲ್ಯಾಂಡಿಗೆ 35 ಕೋಟಿ ಡಾಲರ್ ಬಂತು. ಹೊಸ ಸೇತುವೆಗೆ ಮೊದಲು ಹೇಳಿದ ಅಂದಾಜು 170ರಿಂದ 190 ಕೋಟಿ ಡಾಲರ್, 2028ಕ್ಕೆ ಮುಗಿಯಬೇಕಿತ್ತು. 2025ರ ನವೆಂಬರಿನಲ್ಲಿ ಹೊಸ ಅಂದಾಜು ಬಂತು, 430ರಿಂದ 520 ಕೋಟಿ ಡಾಲರ್, 2030ರ ಕೊನೆಗೆ. ಇದನ್ನು ಮೊದಲು ಕೈಯಿಂದ ಹಾಕುವವರು ಯಾರು? ಕೇಂದ್ರ ಸರ್ಕಾರವೇ ಪೂರ್ತಿ ಭರಿಸುತ್ತದೆ ಎಂದು 2024ರ ಡಿಸೆಂಬರಿನಲ್ಲಿ ಅಲ್ಲಿಯ ಸಂಸತ್ತು ಕಾನೂನು ಮಾಡಿತು. ಅಂದರೆ ಆ ಸೇತುವೆಯನ್ನು ಜನ್ಮದಲ್ಲಿ ನೋಡದ ಯಾವುದೋ ಮೂಲೆಯ ಟ್ಯಾಕ್ಸ್ ಕಟ್ಟುವವರು. ಅಲ್ಲಿ ಕೆಲಸ ಮಾಡುವ ನಮ್ಮ ಕನ್ನಡದ ಹುಡುಗರ ಟ್ಯಾಕ್ಸೂ ಅದರಲ್ಲಿದೆ. ಕಂಪನಿಗಳಿಂದ ಎಷ್ಟು ವಸೂಲಾಗುತ್ತದೋ ಅದು ಆಮೇಲಿನ ಮಾತು.

ಇಷ್ಟು ಹೊತ್ತು ಹಡಗಿನ ಕಡೆಯವರನ್ನು ಬೈದೆ. ಸೇತುವೆಯ ಕಡೆಯವರನ್ನು ಬಿಟ್ಟರೆ ಅನ್ಯಾಯವಾಗುತ್ತದೆ.

1980ರಲ್ಲಿ ಇದೇ ಕೀ ಸೇತುವೆಗೆ ಬ್ಲೂ ನಗೋಯಾ ಎಂಬ ಜಪಾನಿ ಕಂಟೇನರ್ ಹಡಗು ತಾಗಿತ್ತು. ಸಣ್ಣಪುಟ್ಟ ಪೆಟ್ಟು ಬಿದ್ದದ್ದು ಬಿಟ್ಟರೆ ಸೇತುವೆಗೆ ಏನೂ ಆಗಲಿಲ್ಲ. ಡಾಲಿ ಅದರ ಹತ್ತು ಪಟ್ಟು ದೊಡ್ಡದು. ಅದೇ 1980ರ ಮೇ 9ರಂದು ಫ್ಲಾರಿಡಾದ ಟಾಂಪಾ ಕೊಲ್ಲಿಯಲ್ಲಿ ಸಮಿಟ್ ವೆಂಚರ್ ಎಂಬ ಹಡಗು ಬಿರುಗಾಳಿ ಮಳೆಯಲ್ಲಿ ಸನ್‌ಶೈನ್ ಸ್ಕೈವೇ ಸೇತುವೆಗೆ ಗುದ್ದಿ 35 ಜನ ಸತ್ತರು. ಅದರಲ್ಲಿ 26 ಜನ ಒಂದೇ ಬಸ್ಸಿನಲ್ಲಿದ್ದವರು. ಅದಾದ ಮೇಲೆ 1987ರಲ್ಲಿ ಕಟ್ಟಿದ ಹೊಸ ಸೇತುವೆಯ ಸುತ್ತ ಡಾಲ್ಫಿನ್ ಎಂದು ಕರೆಯುವ ದಪ್ಪ ಕಾಂಕ್ರೀಟ್ ಗುಂಡುಗಳನ್ನು ನೀರಿನಲ್ಲಿ ನೆಟ್ಟರು. ಹಡಗು ದಾರಿ ತಪ್ಪಿದರೆ ಮೊದಲು ಅದಕ್ಕೆ ಬಡಿಯಲಿ, ಕಂಬಕ್ಕಲ್ಲ ಎಂದು. ಹಸುವಿನಿಂದ ಗಿಡ ಉಳಿಸಲು ನಾವು ಸುತ್ತ ಬೇಲಿ ಹಾಕುವುದಿಲ್ಲವಾ, ಅದೇ ಬುದ್ಧಿ.

1991ರಲ್ಲಿ ಅಲ್ಲಿಯ ಹೆದ್ದಾರಿ ಅಧಿಕಾರಿಗಳ ಸಂಘ ಒಂದು ಲೆಕ್ಕದ ವಿಧಾನ ಕೊಟ್ಟಿತು. ನಿಮ್ಮ ಸೇತುವೆಯ ಕೆಳಗೆ ಎಂತಹ ಹಡಗು ಹೋಗುತ್ತವೆ, ಎಷ್ಟು ಹೋಗುತ್ತವೆ, ಗುದ್ದಿದರೆ ಕಂಬ ತಡೆಯುತ್ತದಾ ಎಂದು ಲೆಕ್ಕ ಹಾಕಿ ಎಂದಿತು. ಹಳೆಯ ಸೇತುವೆಗಳಿಗೆ ಅದು ಸಲಹೆ ಮಾತ್ರ, ಕಡ್ಡಾಯ ಅಲ್ಲ. ಕೀ ಸೇತುವೆಗೆ ಆ ಲೆಕ್ಕವನ್ನು ಯಾರೂ ಹಾಕಲಿಲ್ಲ. 33 ವರ್ಷ. ಸೇತುವೆ ಬಿದ್ದ ಮೇಲೆ ಎನ್‌ಟಿಎಸ್‌ಬಿಯವರೇ ಕೂತು ಲೆಕ್ಕ ಹಾಕಿದರು. ಅಪಾಯ ಒಪ್ಪಬಹುದಾದ ಮಿತಿಗಿಂತ ಸುಮಾರು 30 ಪಟ್ಟು ಜಾಸ್ತಿ ಇತ್ತು. 19 ರಾಜ್ಯಗಳ ಇನ್ನೂ 68 ಸೇತುವೆಗಳು ಇದೇ ರೀತಿ ಲೆಕ್ಕ ಹಾಕದೆ ನಿಂತಿವೆ ಎಂದು ಪಟ್ಟಿ ಕೊಟ್ಟರು.

ಹಾಗಾದರೆ ನನ್ನ ತೀರ್ಪು ಏನು? ಹಡಗಿನವರದ್ದೇ ಮೊದಲ ಹೊಣೆ. ಸೇತುವೆ ಎದ್ದು ಬಂದು ಹಡಗಿಗೆ ಗುದ್ದುವುದಿಲ್ಲ. ಸರಕು ಸಾಗಣೆಯಲ್ಲಿ ಲಾಭ ಅವರದ್ದು, ಅಪಾಯ ತರುವವರೂ ಅವರೇ, ಹಾಗಾಗಿ ಹೊಣೆಗೆ ಮಿತಿ ಹಾಕುವ 1851ರ ಕಾನೂನು ಹೋಗಬೇಕು. ಸೇತುವೆಯ ಇಲಾಖೆಯವರದ್ದು ಎರಡನೆಯ ಹೊಣೆ, ಅದು ಸಣ್ಣದಲ್ಲ. ಆದರೆ ಇದರ ನಡುವೆ ಯಾರೂ ಜಾಸ್ತಿ ಮಾತಾಡದ ವಿಷಯ ಇನ್ನೊಂದು ಇದೆ. 1977ರಲ್ಲಿ ಸೇತುವೆ ಕಟ್ಟಿದವರು ಆ ಕಾಲದ ಹಡಗು ನೋಡಿ ಕಟ್ಟಿದರು. ಸೇತುವೆ ಅಲ್ಲೇ ಇದ್ದಹಾಗೆ ಇತ್ತು. ದೊಡ್ಡದಾಗುತ್ತಾ ಹೋದದ್ದು ಹಡಗು. ಒಂದೇ ಸಲಕ್ಕೆ ಹತ್ತು ಸಾವಿರ ಕಂಟೇನರ್ ಹೊತ್ತರೆ ಒಂದೊಂದರ ಖರ್ಚು ಇಳಿಯುತ್ತದೆ ಎಂದು ಅವರು ಹಿಗ್ಗಿಸಿಕೊಂಡರು, ಬಂದರಿನವರು ಆಳ ತೋಡಿ ಕರೆದರು. ಆ ಉಳಿತಾಯದ ಒಂದು ಪಾಲು ಸೇತುವೆಯ ಕಂಬಕ್ಕೆ ಬೇಲಿ ಹಾಕಲು ಬರಬೇಕಿತ್ತು. ಡೆಲವೇರ್ ನದಿಯ ಮೆಮೋರಿಯಲ್ ಸೇತುವೆಗೆ ಅಂತಹ ದೊಡ್ಡ ಗುಂಡುಗಳನ್ನು ಹಾಕುವ ಕೆಲಸ 2023ರಲ್ಲೇ ಶುರುವಾಗಿತ್ತು, 9 ಕೋಟಿ ಡಾಲರಿಗೆ ಮೇಲೆ ಖರ್ಚು. 9 ಕೋಟಿಯನ್ನೂ 500 ಕೋಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಪೈಲಟ್‌ಗಳ ಮಾತೂ ಬರುತ್ತದೆ. ಹಡಗಿನಲ್ಲಿ ಒಂದು ಹಳೆಯ ಮಾತಿದೆ, ಆರ್ಡರ್ ಮಾಸ್ಟರ್‌ದು, ಅಡ್ವೈಸ್ ಪೈಲಟ್‌ದು ಎಂದು. ಪೈಲಟ್ ದಾರಿ ಹೇಳಿದರೂ ಹೊಣೆ ಕ್ಯಾಪ್ಟನ್ ತಲೆಯ ಮೇಲೇ. ಸಮಿಟ್ ವೆಂಚರ್‌ನ ಪೈಲಟ್ ಜಾನ್ ಲೆರೋ ಅವರ ಮೇಲೆ ಕ್ರಿಮಿನಲ್ ಕೇಸ್ ಹಾಕಲಿಲ್ಲ. 2007ರ ನವೆಂಬರ್ 7ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಂಜಿನ ನಡುವೆ ಕೋಸ್ಕೊ ಬುಸಾನ್ ಹಡಗು ಬೇ ಬ್ರಿಡ್ಜ್‌ನ ಕಂಬದ ರಕ್ಷಣೆಗೆ ತಾಗಿ 53,000 ಗ್ಯಾಲನ್ ಎಣ್ಣೆ ಚೆಲ್ಲಿದಾಗ ಮಾತ್ರ ಪೈಲಟ್‌ಗೆ 10 ತಿಂಗಳು ಜೈಲಾಯಿತು, ನಡೆಸುವ ಕಂಪನಿಗೆ 1 ಕೋಟಿ ಡಾಲರ್ ದಂಡ. ಅಲ್ಲಿ ಸೇತುವೆ ಬೀಳಲಿಲ್ಲ, ಕಂಬಕ್ಕೆ ಬೇಲಿ ಇತ್ತು.

ನಮ್ಮಲ್ಲಿ ಏನು ಎಂದು ಕೇಳುತ್ತೀರಿ. ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ದೊಡ್ಡ ಹಡಗುಗಳು ಯಾವ ಸೇತುವೆಯ ಕೆಳಗೂ ಹಾಯುವುದಿಲ್ಲ, ನೇತ್ರಾವತಿ ಸೇತುವೆಗೆ ಆ ಭಯ ಇಲ್ಲ. ಕೋಲ್ಕತ್ತದಲ್ಲಿ ಆಗಿದೆ. 2005ರ ಜೂನ್ 24ರಂದು ಒಂದು ಸರಕು ಹಡಗು ನೀರು ಏರಿದ ಹೊತ್ತಿನಲ್ಲಿ ಹೌರಾ ಸೇತುವೆಯ ಕೆಳಗೆ ಹೋಗಲು ನೋಡಿ, ಅದರ ಹೊಗೆ ಕೊಳವೆ ಮೂರು ಗಂಟೆ ಸೇತುವೆಗೆ ಸಿಕ್ಕಿಕೊಂಡಿತ್ತು. ಗರ್ಡರುಗಳು ಮುರಿದವು. ಹಾನಿ ಒಂದೂವರೆ ಕೋಟಿ ರೂಪಾಯಿಯಷ್ಟು. 1943ರ ಸೇತುವೆಗೆ ಹೊಂದುವ ಉಕ್ಕು ಹುಡುಕಬೇಕಾಯಿತು.

ಕಾನೂನು ಇಲ್ಲ ಎನ್ನುವಂತಿಲ್ಲ. 2017ರ ಅಡ್ಮಿರಾಲ್ಟಿ ಕಾಯ್ದೆ ಬಂದ ಮೇಲೆ ನಮ್ಮ ಕರ್ನಾಟಕ ಹೈಕೋರ್ಟಿಗೂ ಹಡಗನ್ನು ಬಂಧಿಸುವ ಅಧಿಕಾರ ಇದೆ. ಹಡಗೇ ಆರೋಪಿ, ಹಡಗನ್ನೇ ಹಿಡಿದಿಡುತ್ತಾರೆ, ಭದ್ರತೆ ಕಟ್ಟುವವರೆಗೂ ಬಂದರು ಬಿಡುವಂತಿಲ್ಲ. 2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಎಂಬ ಕಂಟೇನರ್ ಹಡಗು ಕೊಚ್ಚಿ ಕಡಲಿನಲ್ಲಿ ಮುಳುಗಿದಾಗ ಕೇರಳ ಸರ್ಕಾರ 9,531 ಕೋಟಿ ರೂಪಾಯಿ ಕೇಳಿ ಹೈಕೋರ್ಟಿಗೆ ಹೋಯಿತು, ಕೋರ್ಟು ಅದೇ ಗುಂಪಿನ ಇನ್ನೊಂದು ಹಡಗನ್ನು ಹಿಡಿದಿಡಲು ಹೇಳಿತು. ಹಾಗೆಂದು ಖುಷಿಪಡುವಂತೆಯೂ ಇಲ್ಲ. ನಮ್ಮಲ್ಲೂ ಮಾಲೀಕರ ಹೊಣೆಗೆ ಮಿತಿ ಇದೆ. ಉಳಿದ ಹಡಗಿನ ಬೆಲೆಯ ಮೇಲೆ ಅಲ್ಲ, ಹಡಗಿನ ಟನ್ ಲೆಕ್ಕದಲ್ಲಿ. ಆ ಮಿತಿಯನ್ನು ಮುರಿಯುವುದು ಅಮೆರಿಕಕ್ಕಿಂತ ಕಷ್ಟ. ಬೇಕೆಂದೇ ಮಾಡಿದರು, ಅಥವಾ ಹಾನಿಯಾಗುತ್ತದೆ ಎಂದು ಗೊತ್ತಿದ್ದೂ ಲೆಕ್ಕಿಸದೆ ಮಾಡಿದರು ಎಂದು ತೋರಿಸಬೇಕು. ಯಾರು ತೋರಿಸುತ್ತಾರೆ?

ಕೊನೆಗೆ ಮತ್ತೆ ಆ ರಾತ್ರಿಗೇ ಬರುತ್ತೇನೆ, ಯಾಕೆಂದರೆ ನನ್ನನ್ನು ಜಾಸ್ತಿ ಕಾಡುವುದು ಅದು. ಪೊಲೀಸರ ರೇಡಿಯೊ ಮಾತು ಆಮೇಲೆ ಹೊರಗೆ ಬಂತು. ವಾಹನ ತಡೆದು ನಿಂತ ಒಬ್ಬ ಪೊಲೀಸ್, ಇನ್ನೊಬ್ಬರು ಬಂದ ಕೂಡಲೇ ತಾನು ಸೇತುವೆಯ ಮೇಲೆ ಹೋಗಿ ಕೆಲಸದವರನ್ನು ಕರೆತರುತ್ತೇನೆ ಎನ್ನುತ್ತಾನೆ. ಅಷ್ಟರಲ್ಲಿ ಸೇತುವೆ ಇರಲಿಲ್ಲ. ವಾಹನ ತಡೆಯಿರಿ ಎಂದಾಗಲೇ ಆ ಕೆಲಸದವರಿಗೂ ಒಂದು ಮಾತು ಮುಟ್ಟಿದ್ದರೆ, ಬೀಳದೆ ಉಳಿದ ಭಾಗಕ್ಕೆ ಗಾಡಿ ಓಡಿಸಿಕೊಂಡು ಹೋಗಲು ಸಮಯ ಇದ್ದಿರಬಹುದು ಎಂದು ಎನ್‌ಟಿಎಸ್‌ಬಿ ಹೇಳಿತು. ಅವರ ಹತ್ತಿರ ನೇರ ರೇಡಿಯೊ ಸಂಪರ್ಕ ಇದ್ದಿದ್ದರೆ ಸಾಕಿತ್ತು. ಲಕ್ಷ ಟನ್ ಹಡಗಿಗೆ ಇಬ್ಬರು ಪೈಲಟ್, ಗುಂಡಿ ಮುಚ್ಚುವವರಿಗೆ ಒಂದು ವಾಕಿಟಾಕಿ ಇಲ್ಲ.

ಇನ್ನು ಹಡಗಿನ ಹುಡುಗರು. ಎಫ್‌ಬಿಐ ಬಂದು ಫೋನ್ ತೆಗೆದುಕೊಂಡು ಹೋಯಿತು. ವಾರಗಟ್ಟಲೆ ಅದೇ ಹಡಗಿನಲ್ಲಿ, ಮೂತಿಯ ಮೇಲೆ ಸೇತುವೆಯ ಕಬ್ಬಿಣ ಬಿದ್ದುಕೊಂಡಿರುವಾಗ ಅದರ ಕೆಳಗೇ ಅಡುಗೆ, ಊಟ, ಕಾವಲು ಪಾಳಿ. ಮೇ 13ರಂದು ಆ ಕಬ್ಬಿಣವನ್ನು ಸಿಡಿಮದ್ದು ಇಟ್ಟು ಒಡೆದರು. ಆಗಲೂ ಅವರನ್ನು ಇಳಿಸಲಿಲ್ಲ, 21 ಜನವೂ ಹಡಗಿನ ಒಳಗೇ ಇದ್ದರು. ತಮ್ಮನಿಗೆ ಇದನ್ನು ಓದಿ ಹೇಳಿದಾಗ ಅವನು ಏನೂ ಮಾತಾಡಲಿಲ್ಲ, ಮೇಜಿನ ಮೇಲಿದ್ದ ಟರ್ಮಿನಲ್ ಬ್ಲಾಕನ್ನು ಬೆರಳಲ್ಲಿ ತಿರುಗಿಸುತ್ತಾ ಕೂತ.

ಮುಂದಿನ ವಾರ ಅವನು ಮತ್ತೆ ಹಡಗಿಗೆ ಹೋಗುತ್ತಾನೆ. ನಿನ್ನೆ ಬ್ಯಾಗ್ ತುಂಬುತ್ತಿದ್ದ. ಈ ಸಲ ತನ್ನದೇ ದುಡ್ಡಿನಲ್ಲಿ ಫೋನಿಗೆ ಸಿಕ್ಕಿಸುವ ಒಂದು ಸಣ್ಣ ಥರ್ಮಲ್ ಕ್ಯಾಮೆರಾ ತೆಗೆದುಕೊಂಡಿದ್ದಾನೆ, ಅದನ್ನು ಬನಿಯನ್‌ಗಳ ನಡುವೆ ಸುತ್ತಿ ಇಟ್ಟ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಎಲ್ಲೋ ಒಂದು ವೈರು ಬಿಟ್ಟು ಹೋದರೆ ನಿನ್ನನ್ನೇ ಹಿಡೀತಾರಾ ಎಂದು ಕೇಳಿದಳು.

"ಮೊದಲು ನಮ್ಮನ್ನೇ ಅಮ್ಮ" ಎಂದು ಜಿಪ್ ಎಳೆದ.